ಫ್ಯೂಯಲ್ ಸೆಲ್ ಪಾಠ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಕೊಪ್ಪಳ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಏಳನೇ ಸೆಮಿಸ್ಟರ್ ಮಕ್ಕಳಿಗೆ ಫ್ಯೂಯಲ್ ಸೆಲ್ ಎಲೆಕ್ಟಿವ್ ಪಾಠ ಮಾಡಲು ಹೇಳಿದ್ದಾರೆ. ನಾನು ಓದಿದ್ದು ಥರ್ಮಲ್. ಎಲೆಕ್ಟ್ರೋಕೆಮಿಸ್ಟ್ರಿಯನ್ನು ಪಿಯುಸಿ ಆದಮೇಲೆ ಸರಿಯಾಗಿ ಮುಟ್ಟಿಲ್ಲ. ಲ್ಯಾಬ್‌ನಲ್ಲಿ ಫ್ಯೂಯಲ್ ಸೆಲ್ ಇಲ್ಲ, ಹೈಡ್ರೋಜನ್ ಸಿಲಿಂಡರ್ ತರಿಸಲು ಕಾಲೇಜಿನ ಒಪ್ಪಿಗೆಯೂ ಇಲ್ಲ. ಮಕ್ಕಳಿಗೆ ಕೆಮಿಸ್ಟ್ರಿ ಅಂದ್ರೆ ಭಯ. ಎಲ್ಲಿಂದ ಶುರು ಮಾಡಲಿ? ಇದನ್ನು ಓದಿದರೆ ಕೆಲಸ ಸಿಗುತ್ತಾ ಅಂತ ಅವರು ಕೇಳುತ್ತಾರೆ, ಅದಕ್ಕೆ ಏನು ಹೇಳಲಿ?

ಉತ್ತರ: ಮೇಡಂ, ನೀವು ಥರ್ಮಲ್ ಓದಿದವರು ಅನ್ನೋದು ಈ ವಿಷಯಕ್ಕೆ ದೊಡ್ಡ ಅನುಕೂಲ. ಫ್ಯೂಯಲ್ ಸೆಲ್ ಒಳಗಿನ ಕೆಮಿಸ್ಟ್ರಿ ಎರಡೇ ಸಾಲಿನದು. ಒಂದು ಕಡೆ ಹೈಡ್ರೋಜನ್ ತನ್ನ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಪ್ರೋಟಾನ್ ಆಗುತ್ತದೆ. ಪ್ರೋಟಾನ್ ಪೊರೆಯೊಳಗಿಂದ ದಾಟುತ್ತದೆ, ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತಿ ಬರುತ್ತದೆ. ಇನ್ನೊಂದು ಕಡೆ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. ಉಳಿದಿದ್ದೆಲ್ಲ ಗಾಳಿ ಕೊಡುವುದು, ನೀರು ತೆಗೆಯುವುದು, ಬಿಸಿ ಹೊರಹಾಕುವುದು, ಸೋರದಂತೆ ಬೋಲ್ಟ್ ಬಿಗಿಯುವುದು. ಇದು ನಿಮ್ಮ ವಿಭಾಗದ ಕೆಲಸವೇ ಅಲ್ವಾ?

ಪುಸ್ತಕದ ಮೊದಲ ಅಧ್ಯಾಯದಿಂದ ಮಾತ್ರ ಶುರು ಮಾಡಬೇಡಿ. ನಾನು ಮೊದಲ ಸಲ ಈ ಪಾಠ ತೆಗೆದುಕೊಂಡಾಗ ಹಾಗೇ ಮಾಡಿದೆ. ಐದು ವಾರ ಬರೀ ಥರ್ಮೋಡೈನಮಿಕ್ಸ್. ಆಮೇಲೆ ಮಕ್ಕಳನ್ನು ಲ್ಯಾಬ್‌ಗೆ ಕರೆದುಕೊಂಡು ಹೋದೆ. ಅವತ್ತು ಸೆಲ್ 0.4 ವೋಲ್ಟ್‌ನಲ್ಲಿ ನಿಂತುಬಿಟ್ಟಿತ್ತು. ಸೆಲ್ ವೋಲ್ಟೇಜ್ ಲೆಕ್ಕ ಹಾಕುವ ನೆರ್ನ್‌ಸ್ಟ್ ಸಮೀಕರಣವನ್ನು ಕಣ್ಣು ಮುಚ್ಚಿ ಬರೆಯುವ ಹುಡುಗರು ನನ್ನ ಮುಖ ನೋಡುತ್ತಾ ನಿಂತರು. ಕಾರಣ ತುಂಬಾ ಸರಳ. ಗ್ಯಾಸ್‌ಗೆ ತೇವ ಕೊಡುವ ಬಾಟಲಿಯಲ್ಲಿ ನೀರು ಖಾಲಿಯಾಗಿತ್ತು, ಪೊರೆ ಒಣಗಿತ್ತು. ಆ ಬಾಟಲಿ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಐದು ವಾರದಲ್ಲಿ ನಾನು ಅವರಿಗೆ ಒಂದು ಬಾಟಲಿಯನ್ನೂ ತೋರಿಸಿರಲಿಲ್ಲ. ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಮಕ್ಕಳು ಮೊದಲು ಅಳೆಯಬೇಕು, ಆಮೇಲೆ ಕಾರಣ ಕೇಳಬೇಕು, ಕೊನೆಗೆ ಸಮೀಕರಣ ಬರಬೇಕು.

ಮೊದಲ ದಿನ ಒಂದು ಗಾಜಿನ ಲೋಟ, ಎರಡೂ ತುದಿ ಕೆತ್ತಿದ ಎರಡು ಪೆನ್ಸಿಲ್, 9 ವೋಲ್ಟ್ ಬ್ಯಾಟರಿ, ಒಂದು ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ. ಅಡುಗೆ ಉಪ್ಪು ಬೇಡ, ಅದರಿಂದ ಕ್ಲೋರಿನ್ ಬರುತ್ತದೆ. ಬ್ಯಾಟರಿ ಕೊಟ್ಟ ತಕ್ಷಣ ಎರಡೂ ಕಡ್ಡಿಯಲ್ಲಿ ಗುಳ್ಳೆ ಏಳುತ್ತದೆ. ಯಾವ ಕಡೆ ಜಾಸ್ತಿ, ಯಾಕೆ ಅಂತ ಕೇಳಿ. ಒಂದೆರಡು ನಿಮಿಷ ಬಿಟ್ಟು ಬ್ಯಾಟರಿ ತೆಗೆದುಬಿಡಿ, ಅದೇ ಕಡ್ಡಿಗಳಿಗೆ ಮಲ್ಟಿಮೀಟರ್ ಹಚ್ಚಿ. ಬ್ಯಾಟರಿ ಇಲ್ಲದಿದ್ದರೂ ವೋಲ್ಟೇಜ್ ಇರುತ್ತದೆ! ಕಡ್ಡಿಗೆ ಅಂಟಿಕೊಂಡ ಹೈಡ್ರೋಜನ್ ಮತ್ತು ಆಕ್ಸಿಜನ್ ಮತ್ತೆ ನೀರಾಗಲು ಹೊರಟಿರುತ್ತವೆ. ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುವ ಗಳಿಗೆ ಅದು. ನಾನು ಎಷ್ಟೋ ಬ್ಯಾಚ್‌ಗಳಲ್ಲಿ ನೋಡಿದ್ದೇನೆ.

ಆ ವೋಲ್ಟೇಜ್ ಬೇಗ ಇಳಿದುಹೋಗುತ್ತದೆ. ಒಂದು ಚಿಕ್ಕ ಮೋಟಾರ್ ಹಚ್ಚಿದರೆ ತಿರುಗುವುದಿಲ್ಲ. ಇದನ್ನು ಮುಚ್ಚಿಡಬೇಡಿ, ಯಾಕೆ ಇಳಿಯಿತು ಅಂತ ಅವರನ್ನೇ ಕೇಳಿ. ವಿಲಿಯಂ ಗ್ರೋವ್ 1839ರಲ್ಲಿ ಇದೇ ಕೆಲಸವನ್ನು ಪ್ಲಾಟಿನಂ ಇಟ್ಟು ಮಾಡಿದ. 1842ರ ಹೊತ್ತಿಗೆ ಅಂಥ ಹಲವು ಸೆಲ್‌ಗಳನ್ನು ಸಾಲಾಗಿ ಜೋಡಿಸಿ, ಅದರಿಂದ ಬಂದ ಕರೆಂಟ್‌ನಲ್ಲೇ ಬೇರೊಂದು ಪಾತ್ರೆಯ ನೀರನ್ನು ಒಡೆದು ತೋರಿಸಿದ. ಪೆನ್ಸಿಲ್‌ಗೆ ಆಗದ್ದು ಪ್ಲಾಟಿನಂಗೆ ಯಾಕೆ ಆಯಿತು ಅನ್ನುವ ಪ್ರಶ್ನೆ ಮಕ್ಕಳ ಬಾಯಲ್ಲೇ ಬಂದರೆ, ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಪಾಠಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ಎರಡನೇ ವಾರಕ್ಕೆ ಒಂದು ಕಿಟ್ ತರಿಸಿಕೊಳ್ಳಿ. ಶಾಲಾ ಮಕ್ಕಳಿಗೆ ಮಾರುವ ರಿವರ್ಸಿಬಲ್ ಸೆಲ್ ಕಿಟ್ ಸಾಕು. ಕರೆಂಟ್ ಕೊಟ್ಟರೆ ಅದೇ ನೀರನ್ನು ಒಡೆದು ಗ್ಯಾಸ್ ಮಾಡುತ್ತದೆ, ಆಮೇಲೆ ಅದೇ ಗ್ಯಾಸ್‌ನಿಂದ ಕರೆಂಟ್ ಕೊಡುತ್ತದೆ. ಬರುವ ಹೈಡ್ರೋಜನ್ ಕೆಲವೇ ಮಿಲಿಲೀಟರ್, ಆದ್ದರಿಂದ ಸಿಲಿಂಡರ್ ಮಾತೇ ಬರುವುದಿಲ್ಲ. ಒಂದೇ ಎಚ್ಚರಿಕೆ: ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ. ಕೆಮಿಸ್ಟ್ರಿ ಲ್ಯಾಬ್‌ನಿಂದ ಕೇಳಿ ತನ್ನಿ. ನಲ್ಲಿ ನೀರಿನ ಕ್ಯಾಲ್ಸಿಯಂ, ಸೋಡಿಯಂ ಪೊರೆಯೊಳಗೆ ಪ್ರೋಟಾನ್‌ನ ಜಾಗ ಹಿಡಿದು ಕೂತುಬಿಡುತ್ತವೆ. ಬಾಟಲಿಯಲ್ಲಿ ಮಾರುವ ಕುಡಿಯುವ ನೀರಿನದೂ ಅದೇ ಕಥೆ. ಆಮೇಲೆ ಸೆಲ್ ಮೊದಲಿನಂತೆ ಆಗುವುದು ಕಷ್ಟ.

ಎಲೆಕ್ಟ್ರಿಕಲ್ ಲ್ಯಾಬ್‌ನಿಂದ ಒಂದು ರೆಸಿಸ್ಟೆನ್ಸ್ ಬಾಕ್ಸ್ ತಂದು ಸೆಲ್‌ಗೆ ಜೋಡಿಸಿ. ರೆಸಿಸ್ಟೆನ್ಸ್ ಕಡಿಮೆ ಮಾಡುತ್ತಾ ಹೋದ ಹಾಗೆ ಕರೆಂಟ್ ಏರುತ್ತದೆ, ವೋಲ್ಟೇಜ್ ಇಳಿಯುತ್ತದೆ. ಹತ್ತು ಹನ್ನೆರಡು ರೀಡಿಂಗ್ ಬರೆದು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಸಿ. ಪುಸ್ತಕ ಇದನ್ನು ಪೋಲರೈಸೇಷನ್ ಕರ್ವ್ ಅನ್ನುತ್ತದೆ. ನನ್ನ ಅನುಭವದಲ್ಲಿ ಇಡೀ ಸೆಮಿಸ್ಟರ್ ಪಾಠವನ್ನು ಈ ಒಂದು ಗೆರೆಯ ಮೇಲೆ ಕಟ್ಟಬಹುದು, ಹಾಗೆ ಕಟ್ಟಿದರೆ ಮಾತ್ರ ಅದು ಮಕ್ಕಳ ಕೈಯಲ್ಲಿ ಉಳಿಯುತ್ತದೆ. ಪ್ರತಿ ಅಧ್ಯಾಯಕ್ಕೂ ಕೇಳಬೇಕಾದ್ದು ಒಂದೇ: ಇಲ್ಲಿ ವೋಲ್ಟೇಜ್ ಎಲ್ಲಿ ಕಳೆದುಹೋಯಿತು?

ನಿಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಲು ತುಂಗಭದ್ರಾ ಕಾಲುವೆಗಿಂತ ಒಳ್ಳೆಯ ಉದಾಹರಣೆ ಬೇಡ. ವೋಲ್ಟೇಜ್ ಅಂದ್ರೆ ನೀರಿನ ಮಟ್ಟ, ಕರೆಂಟ್ ಅಂದ್ರೆ ಹರಿವು ಅಂದುಕೊಳ್ಳಿ. ಅಣೆಕಟ್ಟಿನಲ್ಲಿ ಮಟ್ಟ 1.23 ವೋಲ್ಟ್. 25 ಡಿಗ್ರಿಯಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಸಿಗಬಹುದಾದ ಗರಿಷ್ಠ ಅದು. ತೂಬು ದಾಟುವಾಗಲೇ ಒಂದಿಷ್ಟು ಮಟ್ಟ ಹೋಗುತ್ತದೆ, ಹರಿವು ಎಷ್ಟೇ ಕಡಿಮೆ ಇರಲಿ. ಕಾಲುವೆಯ ಉದ್ದಕ್ಕೂ ಇನ್ನೊಂದಿಷ್ಟು ಹೋಗುತ್ತದೆ, ಹರಿವು ಜಾಸ್ತಿಯಾದಷ್ಟೂ ಇದು ಜಾಸ್ತಿ. ಎಲ್ಲರೂ ಒಟ್ಟಿಗೆ ನೀರು ಬಿಟ್ಟುಕೊಂಡರೆ ಕೊನೆ ಭಾಗದ ಗದ್ದೆಗೆ ಏನೂ ಉಳಿಯುವುದಿಲ್ಲ. ಕರ್ವ್‌ನ ಎಡತುದಿಯಲ್ಲಿ ಕಡಿದಾದ ಇಳಿತ, ನಡುವೆ ನೇರ ಇಳಿಜಾರು, ಬಲತುದಿಯಲ್ಲಿ ದಿಢೀರ್ ಕುಸಿತ. ಮೂರೂ ಹೊಂದಿಕೊಳ್ಳುತ್ತವೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಹೇಳಿ: ಸೆಲ್‌ನ ಕೊನೆ ಭಾಗದಲ್ಲಿ ಸಾಲದೆ ಹೋಗುವುದು ಆಕ್ಸಿಜನ್.

ತೂಬಿನ ನಷ್ಟಕ್ಕೆ ಹೆಸರು ಆಕ್ಟಿವೇಷನ್ ಲಾಸ್. ಹೈಡ್ರೋಜನ್ ಕಡೆ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಕ್ಸಿಜನ್ ಕಡೆ ಮಾತ್ರ ಕೆಲಸ ಬಹಳ ನಿಧಾನ. ಇದಕ್ಕೆ ಪೊರೆಯೊಳಗಿಂದ ಕದ್ದು ಆಚೆ ಹೋಗುವ ಸ್ವಲ್ಪ ಹೈಡ್ರೋಜನ್ ಕೂಡ ಸೇರುತ್ತದೆ. ಹಾಗಾಗಿ ಒಂದು ಆಂಪಿಯರ್ ಕೂಡ ಎಳೆಯದೆ ಇದ್ದಾಗಲೂ ಸೆಲ್ 1.23 ತೋರಿಸುವುದಿಲ್ಲ, 0.95ರ ಆಸುಪಾಸು ನಿಲ್ಲುತ್ತದೆ. ಈ ನಷ್ಟಕ್ಕೂ ಕರೆಂಟ್‌ಗೂ ಇರುವ ಸಂಬಂಧ ಹೇಳುವ ಬಟ್ಲರ್-ವೋಲ್ಮರ್ ಸಮೀಕರಣವನ್ನು ಬೋರ್ಡ್ ತುಂಬಾ ಬರೆಯುವ ಮೊದಲು ಒಂದು ಅಂಕಿ ಕೊಡಿ: ಪ್ಲಾಟಿನಂ ಮೇಲೆ ಕರೆಂಟ್ ಹತ್ತು ಪಟ್ಟು ಆಗಬೇಕಾದರೆ ಸುಮಾರು 70 ಮಿಲಿವೋಲ್ಟ್ ತೆರಬೇಕು. ಇಷ್ಟು ಮನಸ್ಸಿಗೆ ಹೋದರೆ ಲಾಗ್ ಸ್ಕೇಲ್ ಯಾಕೆ ಬಂತು ಅನ್ನೋದು ತಾನಾಗಿ ಅರ್ಥವಾಗುತ್ತದೆ.

ಕಾಲುವೆಯ ನಷ್ಟ ಹೆಚ್ಚಾಗಿ ಪೊರೆಯಲ್ಲಿ ಆಗುತ್ತದೆ. 1960ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಹುಟ್ಟಿದ ನಾಫಿಯಾನ್ ಎಂಬ ಪ್ಲಾಸ್ಟಿಕ್ ಇವತ್ತಿಗೂ ಈ ಪೊರೆಗಳ ಮಾದರಿ. ಅದು ಒದ್ದೆಯಾಗಿದ್ದರೆ ಪ್ರೋಟಾನ್‌ಗೆ ದಾರಿ, ಒಣಗಿದರೆ ಗೋಡೆ. ಆದರೆ ನೀರು ಜಾಸ್ತಿಯಾದರೆ ಗಾಳಿ ಬರುವ ರಂಧ್ರಗಳು ಮುಚ್ಚಿಹೋಗಿ ಕೊನೆ ಭಾಗದ ಕುಸಿತ ಬೇಗ ಬರುತ್ತದೆ. ನೀರು ಬೇಕು, ನಿಲ್ಲಬಾರದು. ಭತ್ತದ ಗದ್ದೆ ನೋಡಿಕೊಂಡ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ನಿಮ್ಮ ವರ್ಕ್‌ಶಾಪ್ ಉಪಯೋಗಕ್ಕೆ ಬರುತ್ತದೆ, ಹೈಡ್ರೋಜನ್ ಒಂದು ಹನಿಯೂ ಬೇಡ. ಎರಡು ಅಕ್ರಿಲಿಕ್ ಹಲಗೆಯಲ್ಲಿ ಒಂದು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಆಳದ ಕಾಲುವೆ ಕೊರೆಸಿ. ಒಂದರಲ್ಲಿ ಹತ್ತು ಕಾಲುವೆ ಪಕ್ಕಪಕ್ಕ ಇರಲಿ. ಇನ್ನೊಂದರಲ್ಲಿ ಒಂದೇ ಕಾಲುವೆ ಹಾವಿನಂತೆ ಸುತ್ತಿ ಬರಲಿ. ಮೇಲೆ ಪಾರದರ್ಶಕ ಮುಚ್ಚಳ ಬಿಗಿಯಿರಿ. ಮೀನಿನ ತೊಟ್ಟಿಗೆ ಹಾಕುವ ಪಂಪ್‌ನಿಂದ ಗಾಳಿ ಬಿಡಿ, ಬಣ್ಣದ ನೀರನ್ನು ಸಿರಿಂಜ್‌ನಿಂದ ಹನಿ ಹನಿಯಾಗಿ ಸೇರಿಸಿ. ಪಕ್ಕಪಕ್ಕದ ಕಾಲುವೆಯಲ್ಲಿ ಒಂದು ಹನಿ ಕೂತರೆ ಕೂತೇಬಿಡುತ್ತದೆ, ಗಾಳಿ ಸುಮ್ನೆ ಪಕ್ಕದ ದಾರಿ ಹಿಡಿಯುತ್ತದೆ. ಸುತ್ತು ಕಾಲುವೆಯಲ್ಲಿ ಗಾಳಿಗೆ ಬೇರೆ ದಾರಿ ಇಲ್ಲ, ಹನಿಯನ್ನು ತಳ್ಳಿಕೊಂಡೇ ಹೋಗುತ್ತದೆ. ಆದರೆ ಅದಕ್ಕೆ ಒತ್ತಡ ಜಾಸ್ತಿ ಬೇಕು. ಯು-ಟ್ಯೂಬ್ ಮ್ಯಾನೋಮೀಟರ್ ಹಚ್ಚಿ ಎರಡನ್ನೂ ಅಳೆಸಿ. ಸೆಲ್‌ಗಳ ನಡುವೆ ಕೂರುವ, ಗ್ಯಾಸ್ ಹರಿಯುವ ಕಾಲುವೆಗಳಿರುವ ನಿಜವಾದ ಬೈಪೋಲಾರ್ ಪ್ಲೇಟ್ ವಿನ್ಯಾಸ ಮಾಡುವವರು ತಲೆಕೆಡಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ. ಒಂದು ಮಧ್ಯಾಹ್ನದಲ್ಲಿ ಇದು ಹೇಳಿಕೊಡುವಷ್ಟನ್ನು ನನ್ನ ಯಾವ ಸ್ಲೈಡ್ ಕೂಡ ಹೇಳಿಕೊಟ್ಟಿಲ್ಲ.

ಬೋಲ್ಟ್ ವಿಷಯವೂ ಹಾಗೇ. ಸ್ಟ್ಯಾಕ್ (ಒಂದರ ಮೇಲೊಂದು ಜೋಡಿಸಿದ ಸೆಲ್‌ಗಳ ಕಟ್ಟು) ಬಿಗಿಯುವಾಗ ಸಿಲಿಂಡರ್ ಹೆಡ್‌ಗೆ ಮಾಡುವಂತೆ ಟಾರ್ಕ್ ರೆಂಚ್ ಹಿಡಿದು ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಡಿಲವಾದರೆ ಸೋರುತ್ತದೆ, ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಏರುತ್ತದೆ. ಅತಿ ಬಿಗಿದರೆ ಒಳಗಿನ ಕಾರ್ಬನ್ ಹಾಳೆ ಜಜ್ಜಿಹೋಗಿ ಗಾಳಿಗೆ ದಾರಿ ಇಲ್ಲದಾಗುತ್ತದೆ.

ಸೆಮಿಸ್ಟರ್ ಅರ್ಧ ಆದಮೇಲೆ ಒಂದು ದೊಡ್ಡ ಲೆಕ್ಕ ಕೊಡಿ. ಒಂದು ಕಿಲೋವ್ಯಾಟ್ ಸ್ಟ್ಯಾಕ್ ವಿನ್ಯಾಸ ಮಾಡಿ ಅಂತ ಹೇಳಿ. ಪ್ರತಿ ಸೆಲ್ 0.65 ವೋಲ್ಟ್, ಚದರ ಸೆಂಟಿಮೀಟರ್‌ಗೆ 0.6 ಆಂಪಿಯರ್, ಸೆಲ್‌ನ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಕರೆಂಟ್ 60 ಆಂಪಿಯರ್, ಒಂದು ಸೆಲ್‌ಗೆ 39 ವ್ಯಾಟ್, ಆದ್ದರಿಂದ 26 ಸೆಲ್ ಬೇಕು. ಸ್ಟ್ಯಾಕ್ ವೋಲ್ಟೇಜ್ ಸುಮಾರು 17. ವಿಸ್ತೀರ್ಣ ದೊಡ್ಡದು ಮಾಡಿದರೆ ವೋಲ್ಟೇಜ್ ಏರುತ್ತದೆ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಈ ಲೆಕ್ಕದಲ್ಲೇ ಆ ತಪ್ಪು ತಿಳುವಳಿಕೆ ಹೋಗುತ್ತದೆ. ಏರುವುದು ಕರೆಂಟ್, ವೋಲ್ಟೇಜ್ ಬೇಕಾದರೆ ಸೆಲ್‌ಗಳನ್ನು ಸಾಲಾಗಿ ಜೋಡಿಸಬೇಕು.

ಹರಿದ ಕರೆಂಟ್‌ಗೆ ತಕ್ಕಷ್ಟು ಗ್ಯಾಸ್ ಖರ್ಚಾಗುತ್ತದೆ ಅನ್ನುವ ಫ್ಯಾರಡೆ ನಿಯಮದಿಂದ ಮುಂದಿನದೆಲ್ಲ ಬರುತ್ತದೆ. ಈ ಸ್ಟ್ಯಾಕ್ ಗಂಟೆಗೆ ಸುಮಾರು 59 ಗ್ರಾಂ ಹೈಡ್ರೋಜನ್ ತಿನ್ನುತ್ತದೆ. ಬೇಕಾದ ಆಕ್ಸಿಜನ್‌ನ ಎರಡು ಪಟ್ಟು ಕೊಡುವುದಾದರೆ ನಿಮಿಷಕ್ಕೆ 57 ಲೀಟರ್ ಗಾಳಿ ಬೇಕು. ಗಂಟೆಗೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಹುಟ್ಟುತ್ತದೆ. ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ ಅಂದುಕೊಂಡರೂ ಸುಮಾರು 940 ವ್ಯಾಟ್ ಬಿಸಿ ಉಳಿಯುತ್ತದೆ. ಕರೆಂಟ್ ಎಷ್ಟೋ ಬಿಸಿಯೂ ಹತ್ತಿರ ಹತ್ತಿರ ಅಷ್ಟೇ.

ಈ ಬಿಸಿಯ ಮೇಲೆ ಎರಡು ವಾರ ಬೇಕಾದರೂ ಕಳೆಯಿರಿ, ಇದು ನಿಮ್ಮ ಗಟ್ಟಿ ನೆಲ. ಪೆಟ್ರೋಲ್ ಎಂಜಿನ್ನಿನ ಬಿಸಿಯಲ್ಲಿ ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೋಗಿಬಿಡುತ್ತದೆ. ಫ್ಯೂಯಲ್ ಸೆಲ್‌ನಲ್ಲಿ ಹೊರಹೋಗುವ ಗಾಳಿ ತಣ್ಣಗಿರುತ್ತದೆ, ಬಿಸಿಯ ಹೊರೆ ಬಹುಪಾಲು ಕೂಲಂಟ್ ಮೇಲೇ ಬೀಳುತ್ತದೆ. ಎಂಜಿನ್ ಕೂಲಂಟ್ 95 ಡಿಗ್ರಿ ಇರಬಹುದು, ಇಲ್ಲಿ 65. ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ ಗಾಳಿಗೆ ಬಿಸಿ ಬಿಟ್ಟುಕೊಡಬೇಕಾದರೆ ಎಂಜಿನ್‌ಗೆ 55 ಡಿಗ್ರಿ ವ್ಯತ್ಯಾಸ ಸಿಗುತ್ತದೆ, ಸೆಲ್‌ಗೆ ಬರೀ 25. ರೇಡಿಯೇಟರ್ ಎಷ್ಟು ದೊಡ್ಡದಾಗಬೇಕು ಅಂತ ಮಕ್ಕಳೇ ಲೆಕ್ಕ ಹಾಕಲಿ. ಸೆಲ್ಲನ್ನೇ ಇನ್ನೂ ಬಿಸಿಯಾಗಿ ನಡೆಸಬಾರದಾ ಅಂತ ಯಾರಾದರೂ ಕೇಳಿದರೆ ಬಹಳ ಒಳ್ಳೆಯದು. 80 ಡಿಗ್ರಿ ದಾಟಿದರೆ ಪೊರೆ ಒದ್ದೆಯಾಗಿ ಉಳಿಯುವುದು ಕಷ್ಟ, ಮತ್ತೆ ನೀರಿನ ಪಾಠಕ್ಕೇ ಬಂದಿರಿ.

ದಕ್ಷತೆಯ ಬಗ್ಗೆ ಒಂದು ತಪ್ಪು ಹಲವು ನೋಟ್ಸ್‌ಗಳಲ್ಲಿ ಓಡಾಡುತ್ತಿದೆ. ಬಿಸಿಯಿಂದ ಓಡುವ ಎಂಜಿನ್ನುಗಳಿಗಿರುವ ಕಾರ್ನೋ ಮಿತಿ ಇಲ್ಲ, ಹಾಗಾಗಿ ಫ್ಯೂಯಲ್ ಸೆಲ್ ಯಾವಾಗಲೂ ಎಂಜಿನ್ನಿಗಿಂತ ಮೇಲು ಅಂತ. ಇಲ್ಲೂ ಒಂದು ಮಿತಿ ಇದೆ, ಅದು ಗಿಬ್ಸ್ ಶಕ್ತಿಯದು, ಅಂದ್ರೆ ಕ್ರಿಯೆಯ ಶಕ್ತಿಯಲ್ಲಿ ಕರೆಂಟ್ ಆಗಬಲ್ಲ ಪಾಲಿನದು. 25 ಡಿಗ್ರಿಯಲ್ಲಿ ಅದು 83 ಶೇಕಡಾ. ಬಿಸಿ ಏರಿದಂತೆ ಇಳಿಯುತ್ತದೆ: 800 ಡಿಗ್ರಿಯಲ್ಲಿ ಓಡುವ ಸಾಲಿಡ್ ಆಕ್ಸೈಡ್ ಸೆಲ್‌ನ ಆದರ್ಶ ವೋಲ್ಟೇಜ್ ಒಂದಕ್ಕಿಂತ ಸ್ವಲ್ಪ ಕೆಳಗಿದೆ. ಮೇಲಿನ ನಮ್ಮ ಸ್ಟ್ಯಾಕ್ 83ರ ಲೆಕ್ಕದಲ್ಲೇ ನಿಜವಾಗಿ ಕೊಡುವುದು ಸುಮಾರು 44 ಶೇಕಡಾ, ನೀರು ಆವಿಯಾಗಿ ಹೋಗುತ್ತದೆ ಅಂತ ಹಿಡಿದರೆ 52. ಒಳ್ಳೆಯ ಅಂಕಿಯೇ, ಆದರೆ ಪವಾಡ ಅಲ್ಲ.

ಪರೀಕ್ಷೆಯಲ್ಲಿ ಸಮೀಕರಣ ಬರೆಸುವ ಬದಲು ಒಂದು ಕಾಯಿಲೆ ಬಿದ್ದ ಸೆಲ್ ಕೊಡಿ. ಆರೋಗ್ಯವಂತ ಕರ್ವ್ ಒಂದು, ಪಕ್ಕದಲ್ಲಿ ಕೆಟ್ಟ ಕರ್ವ್ ಮೂರು. ಮೊದಲನೆಯದು ಶುರುವಿನಲ್ಲೇ 0.75 ವೋಲ್ಟ್‌ನಲ್ಲಿದೆ: ಪೊರೆ ತೂತಾಗಿದೆಯೋ, ಎಲ್ಲಾದರೂ ಸೋರುತ್ತಿದೆಯೋ ನೋಡಬೇಕು. ಎರಡನೆಯದರ ಇಳಿಜಾರು ಕಡಿದಾಗಿದೆ: ಪೊರೆ ಒಣಗಿದೆ, ಇಲ್ಲವೇ ಬೋಲ್ಟ್ ಸಡಿಲ. ಮೂರನೆಯದು ಬೇಗ ಕುಸಿಯುತ್ತದೆ: ನೀರು ನಿಂತಿದೆ ಅಥವಾ ಗಾಳಿ ಸಾಲದು. ಮೊದಲು ಏನು ಪರೀಕ್ಷಿಸುತ್ತೀಯ, ಯಾಕೆ ಅದನ್ನೇ ಮೊದಲು ಅಂತ ಬರೆಸಿ. ಉತ್ತರವನ್ನು ಕನ್ನಡ ಬೆರೆಸಿ ಹೇಳಲು ಬಿಡಿ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಇಂಗ್ಲಿಷ್ ವಾಕ್ಯ ಹುಡುಕುವುದರಲ್ಲೇ ಸುಸ್ತಾಗುತ್ತಾರೆ, ಸೆಲ್ ಅವರಿಗೆ ಚೆನ್ನಾಗಿ ಅರ್ಥವಾಗಿರುತ್ತದೆ.

ಸಿಲಿಂಡರ್‌ಗೆ ಒಪ್ಪಿಗೆ ಸಿಗದ್ದಕ್ಕೆ ಬೇಜಾರು ಬೇಡ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾದಿಂದ 75 ಶೇಕಡಾವರೆಗೆ ಇದ್ದರೂ ಹತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಿಡಿ ಎಷ್ಟು ಚಿಕ್ಕದೆಂದರೆ ಒಂದು ಮಿಲಿಜೂಲ್‌ನ ಐವತ್ತನೇ ಒಂದು ಪಾಲು. ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಸೂರಿನ ಹತ್ತಿರ ಗ್ಯಾಸ್ ಡಿಟೆಕ್ಟರ್, ಮೇಲಿಂದ ಗಾಳಿ ಹೊರಹೋಗುವ ವ್ಯವಸ್ಥೆ, ಹೊರಗೆ ಸರಪಳಿ ಹಾಕಿದ ಸಿಲಿಂಡರ್ ಇಲ್ಲದ ಕೋಣೆಗೆ ಅದನ್ನು ತರಬಾರದು. ಕಿಟ್ ಬಳಸುವಾಗಲೂ ಕಿಟಕಿ ತೆರೆದಿರಲಿ, ಗ್ಯಾಸನ್ನು ಬಲೂನಿನಲ್ಲಿ ತುಂಬಿಡುವ ಆಸೆಗೆ ಯಾರನ್ನೂ ಬಿಡಬೇಡಿ.

ಇನ್ನು ಕೆಲಸದ ಪ್ರಶ್ನೆ. ಮಕ್ಕಳಿಗೆ ನಿಜವನ್ನೇ ಹೇಳಿ. ಒಂದು ಕಿಲೋ ಹೈಡ್ರೋಜನ್ ಮಾಡಲು ಎಲೆಕ್ಟ್ರೋಲೈಸರ್‌ಗೆ (ಕರೆಂಟ್‌ನಿಂದ ನೀರು ಒಡೆಯುವ ಯಂತ್ರಕ್ಕೆ) 50ರಿಂದ 55 ಯೂನಿಟ್ ಕರೆಂಟ್ ಬೇಕು. ಆ ಒಂದು ಕಿಲೋದಿಂದ ಫ್ಯೂಯಲ್ ಸೆಲ್ ವಾಪಸ್ ಕೊಡುವುದು 16-17 ಯೂನಿಟ್. ಬ್ಯಾಟರಿಯಲ್ಲಿ ಇಟ್ಟರೆ ಬಹುಪಾಲು ವಾಪಸ್ ಬರುತ್ತದೆ. ಆದ್ದರಿಂದ ಊರೊಳಗೆ ಓಡುವ ಸ್ಕೂಟರ್, ಕಾರಿಗೆ ಫ್ಯೂಯಲ್ ಸೆಲ್ ಬರುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಬ್ಯಾಟರಿಯ ತೂಕ ಹೊರಲಾಗದ ಕಡೆ, ತುಂಬಾ ಹೊತ್ತು ಕರೆಂಟ್ ಬೇಕಾದ ಕಡೆ ಅದಕ್ಕೆ ಜಾಗವಿದೆ. ಡಿಆರ್‌ಡಿಒದ ಅಂಬರನಾಥ್ ಪ್ರಯೋಗಾಲಯ ಜಲಾಂತರ್ಗಾಮಿಗಳಿಗಾಗಿ ಫಾಸ್ಫಾರಿಕ್ ಆಸಿಡ್ ಫ್ಯೂಯಲ್ ಸೆಲ್ ಬೆಳೆಸಿದೆ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದಲ್ಲಿ ಇಸ್ರೋ ಒಂದು ಫ್ಯೂಯಲ್ ಸೆಲ್ ಇಟ್ಟು ಕಕ್ಷೆಯಲ್ಲೇ 180 ವ್ಯಾಟ್ ತೆಗೆದು ತೋರಿಸಿತು. ಕೊಚ್ಚಿನ್ ಶಿಪ್‌ಯಾರ್ಡ್ ಹೈಡ್ರೋಜನ್ ದೋಣಿ ಕಟ್ಟಿದೆ.

ಆದರೂ ಈ ಹೊತ್ತಿಗೆ ಹೆಚ್ಚು ಕೆಲಸ ಹುಟ್ಟುವ ಸಾಧ್ಯತೆ ಎಲೆಕ್ಟ್ರೋಲೈಸರ್ ಕಡೆ ಇದೆ ಅಂತ ನನ್ನ ಅಂದಾಜು. 2023ರ ಜನವರಿಯಲ್ಲಿ ಕೇಂದ್ರ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿದ್ದಾರೆ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಎಲೆಕ್ಟ್ರೋಲೈಸರ್ ಅಂದ್ರೆ ತಿರುಗಿಸಿ ಓಡಿಸಿದ ಫ್ಯೂಯಲ್ ಸೆಲ್. ಅದೇ ಥರದ ಪೊರೆ, ಅದೇ ಥರದ ಪ್ಲೇಟ್, ಅದೇ ಬೋಲ್ಟ್, ಅದೇ ಕರ್ವ್, ಇಳಿಯುವ ಬದಲು ಏರುತ್ತದೆ ಅಷ್ಟೇ. ಕೊನೆಯ ಎರಡು ವಾರ ಇದಕ್ಕೇ ಇಡಿ. ನಿಮ್ಮ ಕಿಟ್ ಎರಡೂ ಕೆಲಸ ಮಾಡುವುದರಿಂದ ಹೊಸದೇನೂ ಕೊಳ್ಳಬೇಕಿಲ್ಲ.

ನಿಮ್ಮ ಸ್ವಂತ ಓದಿಗೆ ಎನ್‌ಪಿಟೆಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಅದಕ್ಕಿಂತ ಮೊದಲು ಈ ರಜೆಯಲ್ಲಿ ನೀವೊಬ್ಬರೇ ಕೂತು ಒಂದು ಕರ್ವ್ ತೆಗೆದುನೋಡಿ. ಪ್ರತಿ ರೆಸಿಸ್ಟೆನ್ಸ್‌ಗೂ ಎರಡು ನಿಮಿಷ ಕಾಯಿರಿ, ಮೊದಲ ಅಂಕಿಗಳು ಜಾರುತ್ತಾ ಇರುತ್ತವೆ. ವೋಲ್ಟೇಜನ್ನು ಸೆಲ್‌ನ ತುದಿಗಳಲ್ಲೇ ಅಳೆಯಿರಿ, ರೆಸಿಸ್ಟೆನ್ಸ್ ಬಾಕ್ಸ್ ಹತ್ತಿರ ಅಳೆದರೆ ತಂತಿಯ ನಷ್ಟವೂ ಸೆಲ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಮೇಲೆ ಅದೇ ರೀಡಿಂಗ್‌ಗಳನ್ನು ಕೆಳಗಿಂದ ಮೇಲಕ್ಕೆ ಇನ್ನೊಮ್ಮೆ ತೆಗೆಯಿರಿ. ಎರಡು ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಜಾಸ್ತಿ ಕರೆಂಟ್ ಹರಿದಾಗ ಹುಟ್ಟಿದ ನೀರು ಪೊರೆಯಲ್ಲೂ ರಂಧ್ರಗಳಲ್ಲೂ ಇನ್ನೂ ಉಳಿದಿರುತ್ತದೆ. ಆ ಎರಡು ಗೆರೆಗಳ ನಡುವಿನ ಅಂತರವನ್ನೇ ಮಕ್ಕಳಿಗೆ ಮೊದಲ ಅಸೈನ್‌ಮೆಂಟ್ ಆಗಿ ಕೊಡಿ.